ಆರು ಸೆಕೆಂಡ್‌ಗಳ ಬೆಳಕು: 1997ರ ಜಪಾನ್ ಟಿವಿ ಪ್ರಕರಣ

1997ರ ಡಿಸೆಂಬರ್ 16, ಮಂಗಳವಾರ. ಆ ತಿಂಗಳಲ್ಲಿ ಟೋಕಿಯೊದ ಸೂರ್ಯ ಸಂಜೆ ನಾಲ್ಕೂವರೆಗೇ ಮುಳುಗಿಬಿಡುತ್ತಾನೆ. ಆರೂವರೆ ಹೊತ್ತಿಗೆ ಹೊರಗೆ ಗವ್ವೆನ್ನುವ ಕತ್ತಲು. ಜಪಾನಿನ ಊರೂರಲ್ಲೂ ಮಕ್ಕಳು ಟಿವಿ ಮುಂದೆ ಕೂತಿದ್ದರು. ಟಿವಿ ಟೋಕಿಯೊ ವಾಹಿನಿಯಲ್ಲಿ ಪೋಕೆಮಾನ್ ಕಾರ್ಟೂನ್‌ನ 38ನೇ ಕಂತು ಶುರುವಾಗಿತ್ತು. ಅದೇ ವರ್ಷ ಏಪ್ರಿಲ್‌ನಲ್ಲಿ ಆರಂಭವಾದ ಕಾರ್ಟೂನ್ ಅದು. ಎಂಟೇ ತಿಂಗಳಲ್ಲಿ ಮಕ್ಕಳ ಜೀವವಾಗಿತ್ತು. ಆ ಸಂಜೆ ಸುಮಾರು 46 ಲಕ್ಷ ಮನೆಗಳಲ್ಲಿ ಅದನ್ನು ನೋಡುತ್ತಿದ್ದರು ಎಂದು ವರದಿಯಾಗಿದೆ.

ಆ ದಿನದ ಕಥೆ ನಡೆಯುವುದು ಕಂಪ್ಯೂಟರಿನ ಒಳಗೆ. ಪೋರಿಗಾನ್ ಎಂಬ ಡಿಜಿಟಲ್ ಪ್ರಾಣಿಯ ಜೊತೆ ಕಥೆಯ ಹುಡುಗರು ಒಳಗೆ ಹೋಗಿರುತ್ತಾರೆ. ವೈರಸ್ ಬಂದಿದೆ ಎಂದುಕೊಂಡು ಹೊರಗಿನವರು ಕ್ಷಿಪಣಿಗಳ ಹಾಗೆ ಕಾಣುವ ಲಸಿಕೆಗಳನ್ನು ಹಾರಿಸುತ್ತಾರೆ. ಅವನ್ನು ತಡೆಯಲು ಹುಡುಗರ ಜೊತೆಗಿರುವ ಪಿಕಾಚು ಎಂಬ ಪ್ರಾಣಿ ಮಿಂಚು ಹೊಡೆಯುತ್ತದೆ. ಗಂಟೆ 6:51. ಸ್ಫೋಟ ತೋರಿಸಲು ಪರದೆ ಕೆಂಪು, ನೀಲಿ, ಕೆಂಪು, ನೀಲಿ ಎಂದು ಮಿನುಗಿತು. ಸೆಕೆಂಡಿಗೆ ಸುಮಾರು 12 ಸಲ. ನಾಲ್ಕು ಸೆಕೆಂಡ್ ಕಾಲ ಪರದೆಯ ಬಹುಭಾಗ, ಆಮೇಲೆ ಎರಡು ಸೆಕೆಂಡ್ ಇಡೀ ಪರದೆ. ಒಟ್ಟು ಆರು ಸೆಕೆಂಡ್.

ಕೆಲವು ಮಕ್ಕಳಿಗೆ ತಲೆ ಸುತ್ತಿತು. ಕೆಲವರು ವಾಂತಿ ಮಾಡಿಕೊಂಡರು. ಕೆಲವರಿಗೆ ಕಣ್ಣು ಮಂಜಾಯಿತು, ಇನ್ನು ಕೆಲವರಿಗೆ ಸ್ವಲ್ಪ ಹೊತ್ತು ಏನೂ ಕಾಣಲಿಲ್ಲ. ಒಂದಷ್ಟು ಮಕ್ಕಳು ಕೂತಲ್ಲೇ ಬಿದ್ದು, ಕೈಕಾಲು ಸೆಟೆದು, ಪ್ರಜ್ಞೆ ತಪ್ಪಿದರು. ಮಗು ಆರಾಮಾಗಿ ಕಾರ್ಟೂನ್ ನೋಡ್ತಾ ಇದೆ ಅಂತ ಅಡುಗೆಮನೆಯಲ್ಲಿದ್ದ ಅಮ್ಮಂದಿರು ಓಡಿ ಬಂದಾಗ ಟಿವಿಯಲ್ಲಿ ಕಥೆ ಮುಂದಕ್ಕೆ ಹೋಗಿತ್ತು. ಯಾಕೆ ಹೀಗಾಯಿತು ಎಂದು ತಿಳಿಯಲು ಪರದೆಯ ಮೇಲೆ ಏನೂ ಉಳಿದಿರಲಿಲ್ಲ.

ಜಪಾನಿನ ಅಗ್ನಿಶಾಮಕ ಇಲಾಖೆಯ ಲೆಕ್ಕದಂತೆ ಆಂಬುಲೆನ್ಸ್‌ಗಳು ಆಸ್ಪತ್ರೆಗೆ ಸಾಗಿಸಿದ್ದು 685 ಮಂದಿಯನ್ನು. ಹುಡುಗರು 310, ಹುಡುಗಿಯರು 375. ನೂರೈವತ್ತಕ್ಕೂ ಹೆಚ್ಚು ಮಂದಿಯನ್ನು ಆಸ್ಪತ್ರೆಯಲ್ಲೇ ಇರಿಸಿಕೊಂಡರು. ಇಬ್ಬರು ಎರಡು ವಾರಕ್ಕಿಂತ ಜಾಸ್ತಿ ಇರಬೇಕಾಯಿತು. ಪುಣ್ಯಕ್ಕೆ ಯಾರೂ ಸಾಯಲಿಲ್ಲ.

ರಾತ್ರಿಯ ಸುದ್ದಿಯಲ್ಲಿ ಇನ್ನೊಂದು ಅನಾಹುತ ನಡೆಯಿತು. ಏನಾಯಿತು ಎಂದು ವಿವರಿಸುವ ಭರದಲ್ಲಿ ಅದೇ ಮಿನುಗುವ ತುಣುಕನ್ನು ಮತ್ತೆ ತೋರಿಸಿದರು. ಅದನ್ನು ನೋಡಿ ಇನ್ನಷ್ಟು ಮಕ್ಕಳು ಅಸ್ವಸ್ಥರಾದರು.

ಮಿದುಳಿನ ಒಳಗೆ

ಫಿಟ್ಸ್ ಎಂದರೆ ಏನು ಎಂದು ನನಗೆ ಮೊದಲು ಸರಿಯಾಗಿ ಅರ್ಥವಾದದ್ದು ಒಂದು ಹೋಲಿಕೆಯಿಂದ. ನಮ್ಮ ಮಿದುಳು ಸಾಮಾನ್ಯವಾಗಿ ಸಂತೆಯ ಹಾಗೆ ಇರುತ್ತದೆ. ಕೋಟಿಗಟ್ಟಲೆ ನರಕೋಶಗಳು, ಒಬ್ಬೊಬ್ಬರದು ಒಂದೊಂದು ಮಾತು. ಒಂದು ಕಡೆ ಸೊಪ್ಪಿನ ಚೌಕಾಸಿ, ಇನ್ನೊಂದು ಕಡೆ ಯಾರದೋ ಮದುವೆ ಸುದ್ದಿ. ಆ ಗದ್ದಲವೇ ಆರೋಗ್ಯ. ಫಿಟ್ಸ್ ಬಂದಾಗ ಸಂತೆಯ ಅಷ್ಟೂ ಜನ ಇದ್ದಕ್ಕಿದ್ದಂತೆ ಮಾತು ಬಿಟ್ಟು ಭಜನೆಯ ಹಾಗೆ ಒಂದೇ ತಾಳಕ್ಕೆ ಚಪ್ಪಾಳೆ ತಟ್ಟಲು ಶುರುಮಾಡುತ್ತಾರೆ. ವ್ಯಾಪಾರ ನಿಲ್ಲುತ್ತದೆ. ಚಪ್ಪಾಳೆ ಒಂದು ಮೂಲೆಯಲ್ಲೇ ನಿಂತರೆ ಸಣ್ಣ ಫಿಟ್ಸ್, ಇಡೀ ಸಂತೆಗೆ ಹಬ್ಬಿದರೆ ಮೈಯೆಲ್ಲ ಅದುರುವ ದೊಡ್ಡ ಫಿಟ್ಸ್.

ಮಿನುಗುವ ಬೆಳಕು ಮಾಡುವುದು ತಾಳ ಹಾಕಿಕೊಡುವ ಕೆಲಸ. ಕಣ್ಣಿಗೆ ಬಿದ್ದ ಬೆಳಕಿನ ಸುದ್ದಿ ಹೋಗುವುದು ತಲೆಯ ಹಿಂಭಾಗದಲ್ಲಿರುವ, ನೋಟವನ್ನು ಗ್ರಹಿಸುವ ಮಿದುಳಿನ ಭಾಗಕ್ಕೆ. ಬೆಳಕು ಸೆಕೆಂಡಿಗೆ 12 ಸಲ ಬಂದರೆ ಅಲ್ಲಿನ ಕೋಶಗಳೂ 12 ಸಲ ಪ್ರತಿಕ್ರಿಯಿಸುತ್ತವೆ. ಇದು ಎಲ್ಲರಲ್ಲೂ ಆಗುತ್ತದೆ, ನಿಮ್ಮಲ್ಲೂ ನನ್ನಲ್ಲೂ. ಆದರೆ ಹೆಚ್ಚಿನವರ ಮಿದುಳಿನಲ್ಲಿ ವಾಲ್ಯೂಮ್ ಕಡಿಮೆ ಮಾಡುವ ಒಂದು ಏರ್ಪಾಡಿದೆ. ಕಣ್ಣಿಗೆ ಬೀಳುವ ಸಂಕೇತ ತೀರಾ ಜೋರಾದರೆ ಮಿದುಳು ತಾನೇ ಅದನ್ನು ತಗ್ಗಿಸುತ್ತದೆ. ಬೆಳಕಿಗೆ ಫಿಟ್ಸ್ ಬರುವವರಲ್ಲಿ ಈ ಏರ್ಪಾಡು ಸರಿಯಾಗಿ ಕೆಲಸ ಮಾಡುವುದಿಲ್ಲ ಎಂದು ಇಟಲಿಯ ಸಂಶೋಧಕರು 2000ರಲ್ಲಿ ತೋರಿಸಿದರು. ಬೆಳಕು–ಕತ್ತಲಿನ ಅಂತರ ಹೆಚ್ಚಿದಷ್ಟೂ ಅವರ ಮಿದುಳಿನ ಪ್ರತಿಕ್ರಿಯೆ ಏರುತ್ತಲೇ ಹೋಗುತ್ತದೆ. ತಗ್ಗಿಸುವ ಕೈ ಅಲ್ಲಿಲ್ಲ.

ಇಂಥವರು ಎಷ್ಟು ಜನ? ಒಟ್ಟು ಜನಸಂಖ್ಯೆಯಲ್ಲಿ ಸುಮಾರು 4,000ಕ್ಕೆ ಒಬ್ಬರು ಎನ್ನುವುದು ಹೆಚ್ಚಾಗಿ ಬಳಸುವ ಅಂದಾಜು. ಫಿಟ್ಸ್ ಇರುವವರೆಲ್ಲರೂ ಬೆಳಕಿಗೆ ಹೆದರಬೇಕಾಗಿಲ್ಲ. ಅವರಲ್ಲಿ 100ಕ್ಕೆ 3ರಿಂದ 5 ಮಂದಿಗೆ ಮಾತ್ರ ಬೆಳಕಿನ ತೊಂದರೆ ಇರುತ್ತದೆ. ಆದರೆ 7ರಿಂದ 19 ವರ್ಷದವರಲ್ಲಿ ಇದು ಉಳಿದ ವಯಸ್ಸಿನವರಿಗಿಂತ ಸುಮಾರು ಐದು ಪಟ್ಟು ಹೆಚ್ಚು. ಹುಡುಗರಿಗಿಂತ ಹುಡುಗಿಯರಲ್ಲಿ ಜಾಸ್ತಿ. ಆಂಬುಲೆನ್ಸ್ ಲೆಕ್ಕದಲ್ಲಿ ಹುಡುಗಿಯರೇ ಹೆಚ್ಚಿದ್ದರಲ್ಲ, ಅದು ಇದಕ್ಕೆ ಹೊಂದುತ್ತದೆ.

ಈಗ ಆ ಆರು ಸೆಕೆಂಡ್‌ಗೆ ವಾಪಸ್ ಬರೋಣ. ಕಾರ್ಟೂನುಗಳಲ್ಲಿ ಅದಕ್ಕೂ ಮೊದಲು ಮಿಂಚು, ಸ್ಫೋಟ ಎಷ್ಟೋ ಬಂದಿದ್ದವು. ಈ ಸಲ ಮಾತ್ರ ಹೀಗಾದದ್ದೇಕೆ? ಒಂದೊಂದಾಗಿ ನೋಡಿದರೆ ಹೆದರಿಕೆಯಾಗುತ್ತದೆ, ಕೆಟ್ಟದ್ದೆಲ್ಲ ಒಂದೇ ಕಡೆ ಸೇರಿಕೊಂಡಿತ್ತು.

ಮೊದಲನೆಯದು ವೇಗ. ಬೆಳಕಿಗೆ ಸೂಕ್ಷ್ಮವಾಗಿರುವವರಿಗೆ ಸೆಕೆಂಡಿಗೆ 3ರಿಂದ 60ರವರೆಗಿನ ಮಿನುಗು ಅಪಾಯ ತರಬಹುದು. ಅತಿ ಹೆಚ್ಚು ಅಪಾಯ ಇರುವುದು 15ರಿಂದ 25ರ ಆಸುಪಾಸಿನಲ್ಲಿ. 12 ಅನ್ನುವುದು ಆ ಬೆಂಕಿಯ ಪಕ್ಕದಲ್ಲೇ ಇದೆ. ಎರಡನೆಯದು ವಿಸ್ತಾರ. ಪರದೆಯ ಮೂಲೆಯಲ್ಲಿ ಒಂದು ಸಣ್ಣ ದೀಪ ಮಿನುಗಿದ್ದರೆ ಮಿದುಳಿನ ಸ್ವಲ್ಪ ಭಾಗ ಮಾತ್ರ ತಾಳ ಹಾಕುತ್ತಿತ್ತು. ಇಲ್ಲಿ ಇಡೀ ಪರದೆ ಮಿನುಗಿತು. ಮಕ್ಕಳು ಟಿವಿಗೆ ಅಂಟಿಕೊಂಡೇ ಕೂತಿರುತ್ತಾರೆ, ಜಪಾನಿನ ಮನೆಗಳ ಕೋಣೆಗಳೂ ಚಿಕ್ಕವು. ಹತ್ತಿರ ಕೂತಷ್ಟೂ ಪರದೆ ಕಣ್ಣಿನ ಹೆಚ್ಚು ಜಾಗ ಹಿಡಿಯುತ್ತದೆ. ಕೋಣೆಯ ದೀಪ ಆರಿಸಿದ್ದರಂತೂ ಕೇಳಲೇಬೇಡಿ.

ಮೂರನೆಯದು ಬಣ್ಣ. ಈ ಪ್ರಕರಣ ವೈದ್ಯರಿಗೆ ಹೊಸದಾಗಿ ಕಲಿಸಿದ್ದು ಇದನ್ನೇ. ಅಲ್ಲಿಯವರೆಗೆ ಜಾಸ್ತಿ ಗಮನ ಇದ್ದದ್ದು ಪ್ರಕಾಶದ ಮೇಲೆ, ಅಂದರೆ ಬಿಳಿ–ಕಪ್ಪು ಮಿನುಗಿನ ಮೇಲೆ. ಆದರೆ ಆ ಕೆಂಪಿಗೂ ನೀಲಿಗೂ ಪ್ರಕಾಶದಲ್ಲಿ ಅಂಥ ದೊಡ್ಡ ಅಂತರ ಇರಲಿಲ್ಲ. ಜಪಾನಿನ ವೈದ್ಯ ತಕೆಯೊ ತಕಹಾಶಿ ಗಾಢ ಕೆಂಪಿನ ಮಿನುಗಿನ ಬಗ್ಗೆ ಎಷ್ಟೋ ವರ್ಷಗಳಿಂದ ಕೆಲಸ ಮಾಡಿದ್ದವರು. ಮಂದ ಬೆಳಕಿದ್ದರೂ ಗಾಢ ಕೆಂಪು ಮಿದುಳನ್ನು ಕೆರಳಿಸುತ್ತದೆ ಎನ್ನುವುದು ಅವರಿಗೆ ಗೊತ್ತಿತ್ತು. ಈ ಪ್ರಕರಣವನ್ನು ಅವರು ಆ ಕಣ್ಣಿನಿಂದಲೇ ನೋಡಿದರು. ಕ್ಯೂಶು ವಿಶ್ವವಿದ್ಯಾಲಯದ ತಂಡ ಆ ಸಂಜೆ ಅಸ್ವಸ್ಥರಾದ ಕೆಲವು ಮಕ್ಕಳನ್ನು ಪರೀಕ್ಷಿಸಿ, ಕೆಂಪು–ನೀಲಿ ಅದಲುಬದಲು ಅವರ ಮಿದುಳನ್ನು ವಿಶೇಷವಾಗಿ ಕೆರಳಿಸುತ್ತದೆ ಎಂದು 1999ರಲ್ಲಿ ಬರೆಯಿತು. ಬಣ್ಣಕ್ಕೇ ಬರುವ ಫಿಟ್ಸ್ ಎಂದು ಅದಕ್ಕೆ ಬೇರೆ ಹೆಸರನ್ನೇ ಕೊಟ್ಟಿತು.

ಘಟನೆಯ ಮರುದಿನ, ಈ ಕಾರ್ಟೂನಿಗೆ ಮೂಲವಾದ ವಿಡಿಯೊ ಗೇಮ್ ತಂದ ನಿಂಟೆಂಡೊ ಕಂಪನಿಯ ಅಧ್ಯಕ್ಷ ಹಿರೋಶಿ ಯಮೌಚಿ ಒಂದು ಮಾತು ಹೇಳಿದ್ದರು. ತಮ್ಮ ಮೂಲ ಪೋಕೆಮಾನ್ ಆಟ ಇರುವುದು ಕಪ್ಪು–ಬಿಳುಪಿನಲ್ಲಿ, ಹಾಗಾಗಿ ಈ ಘಟನೆಗೂ ತಮಗೂ ಸಂಬಂಧ ಇಲ್ಲ ಅಂತ. ಕೇಳಲು ನುಣುಚಿಕೊಳ್ಳುವ ಮಾತಿನ ಹಾಗಿದೆ. ಆದರೆ ಬಣ್ಣದ ಪಾತ್ರ ಎಷ್ಟು ದೊಡ್ಡದು ಎಂದು ಗೊತ್ತಾದ ಮೇಲೆ ಆ ಮಾತನ್ನು ಓದಿದರೆ, ಅವರಿಗೇ ಅರಿವಿಲ್ಲದೆ ಸರಿಯಾದ ಜಾಗಕ್ಕೆ ಬೆರಳಿಟ್ಟಿದ್ದರು ಅನ್ನಿಸುತ್ತದೆ.

ಇಇಜಿ ಕೋಣೆಯಲ್ಲಿ

ಇದರ ಬಗ್ಗೆ ನಾನು ಇಷ್ಟು ಓದಿದ್ದಕ್ಕೆ ಒಂದು ಕಾರಣ ಇದೆ. ನನ್ನ ಅಕ್ಕನ ಮಗಳಿಗೆ ಹದಿಮೂರು ವರ್ಷ ಇದ್ದಾಗ ಬೆಳಿಗ್ಗೆ ಎದ್ದ ತಕ್ಷಣ ಕೈ ಚಿಮ್ಮಲು ಶುರುವಾಯಿತು. ಹಾಲಿನ ಲೋಟ ಕೈಯಿಂದ ಹಾರಿ ಬೀಳುತ್ತಿತ್ತು. ಮನೆಯಲ್ಲಿ ಎಲ್ಲರೂ ಗಮನ ಇಲ್ಲ ಅಂತ ಬೈದರು. ನಾನೂ ಬೈದೆ. ನಾಲ್ಕೈದು ತಿಂಗಳಾದ ಮೇಲೆ ಒಂದು ಭಾನುವಾರ, ರಾತ್ರಿ ತಡವಾಗಿ ಮಲಗಿ ಎದ್ದವಳು, ಟಿವಿ ನೋಡುತ್ತಾ ಬಿದ್ದಳು. ಆಮೇಲೆ ಗೊತ್ತಾಯಿತು, ಆ ಕೈ ಚಿಮ್ಮುವುದೇ ಸಣ್ಣ ಫಿಟ್ಸ್. ಹದಿಹರೆಯದಲ್ಲಿ ಹೀಗೆ ಶುರುವಾಗುವ ಒಂದು ಬಗೆಯ ಮೂರ್ಛೆ ರೋಗವಿದೆ, ಅದರಲ್ಲಿ ಬೆಳಕಿಗೆ ಸೂಕ್ಷ್ಮವಾಗಿರುವವರು ಸುಮಾರು ಮೂರರಲ್ಲಿ ಒಬ್ಬರು.

ಇಇಜಿ, ಅಂದರೆ ಮಿದುಳಿನ ವಿದ್ಯುತ್ ಅಲೆಗಳನ್ನು ಗೆರೆಗಳಾಗಿ ತೋರಿಸುವ ಪರೀಕ್ಷೆಯ ದಿನ ನಾನು ಅವಳ ಜೊತೆಗಿದ್ದೆ. ತಲೆಗೆ ಎಣ್ಣೆ ಹಚ್ಚದೆ ಬರಲು ಹೇಳಿದ್ದರು. ಟೆಕ್ನೀಷಿಯನ್ ಟೇಪು ಹಿಡಿದು ತಲೆ ಅಳೆದು, ಕೆಂಪು ಪೆನ್ಸಿಲಿನಲ್ಲಿ ಗುರುತು ಹಾಕಿ, ಕೂದಲು ಸರಿಸಿ ಒಂದೊಂದು ಕಡೆಯೂ ಮುಲಾಮು ಹಚ್ಚಿ ತಂತಿ ಅಂಟಿಸಿದರು. ಇಪ್ಪತ್ತಕ್ಕೂ ಜಾಸ್ತಿ ತಂತಿ. ಮೊದಲು ಸುಮ್ನೆ ಮಲಗು ಅಂದರು. ಆಮೇಲೆ ಮೂರು ನಿಮಿಷ ಜೋರಾಗಿ ಉಸಿರಾಡಿಸಿದರು. ಕೊನೆಗೆ ಕೋಣೆಯ ದೀಪ ಮಂದ ಮಾಡಿ, ಮುಖದಿಂದ ಒಂದು ಅಡಿ ದೂರಕ್ಕೆ ಒಂದು ದುಂಡನೆಯ ದೀಪ ತಂದು ನಿಲ್ಲಿಸಿದರು. ಪ್ರತಿ ವೇಗಕ್ಕೂ ಕೆಲವು ಸೆಕೆಂಡ್ ಕಣ್ಣು ತೆರೆದು, ಕೆಲವು ಸೆಕೆಂಡ್ ಮುಚ್ಚಿ. ನಡುವೆ ಸ್ವಲ್ಪ ಬಿಡುವು.

ನಾನು ನೋಡುತ್ತಿದ್ದದ್ದು ಕಂಪ್ಯೂಟರ್ ಪರದೆಯನ್ನು. ನಿಧಾನದ ಮಿನುಗಿಗೆ ಗೆರೆಗಳು ಹೆಚ್ಚೂಕಡಿಮೆ ಹಾಗೇ ಇದ್ದವು, ಗಾಳಿಗೆ ಅಲೆಯುವ ಹುಲ್ಲಿನ ಹಾಗೆ. ವೇಗ ಏರಿಸುತ್ತಾ ಹದಿನೈದರ ಹತ್ತಿರ ಬಂದಾಗ ಎಲ್ಲ ಗೆರೆಗಳೂ ಒಟ್ಟಿಗೆ ಮೇಲೆದ್ದವು. ಚೂಪು, ಆಮೇಲೆ ಒಂದು ಉಬ್ಬು, ಮತ್ತೆ ಚೂಪು. ಹಣೆಯ ಮೇಲಿನ ತಂತಿಯಲ್ಲೂ, ಹಿಂದಲೆಯ ತಂತಿಯಲ್ಲೂ ಒಂದೇ ಹೊತ್ತಿಗೆ. ಟೆಕ್ನೀಷಿಯನ್ ತಕ್ಷಣ ದೀಪ ಆರಿಸಿದರು. ಅವಳ ಕಣ್ಣುರೆಪ್ಪೆ ಒಂದೆರಡು ಸಲ ಅದುರಿತು, ಅಷ್ಟೇ. ‘ಆಯ್ತಾ ಮಾಮಾ?’ ಅಂತ ಕೇಳಿದಳು. ಅವಳಿಗೆ ಏನೂ ಗೊತ್ತಾಗಿರಲಿಲ್ಲ.

ಜಪಾನಿನ ಮಕ್ಕಳಿಗೆ ಆ ಸಂಜೆ ಆದದ್ದೂ ಇದೇ ಪರೀಕ್ಷೆ. ದೀಪ ಆರಿಸಲು ಪಕ್ಕದಲ್ಲಿ ಟೆಕ್ನೀಷಿಯನ್ ಇರಲಿಲ್ಲ. ಮನುಷ್ಯರ ಮಿದುಳನ್ನು ಮಿನುಗುವ ದೀಪದಿಂದ ಹೀಗೆ ಪರೀಕ್ಷಿಸುವುದು ಹೊಸದೇನೂ ಅಲ್ಲ. ಬ್ರಿಟನ್ನಿನ ಗ್ರೇ ವಾಲ್ಟರ್ ಮತ್ತು ಅವರ ತಂಡ 1946ರಲ್ಲೇ ಇದನ್ನು ಮಾಡಿ ವರದಿ ಮಾಡಿತ್ತು. ಅಂದರೆ ಯಾವ ವೇಗದ ಬೆಳಕು ಏನು ಮಾಡುತ್ತದೆ ಎನ್ನುವುದು ಪೋಕೆಮಾನ್‌ಗಿಂತ ಐವತ್ತು ವರ್ಷ ಮೊದಲೇ ವೈದ್ಯರ ಕೋಣೆಯಲ್ಲಿ ಗೊತ್ತಿತ್ತು.

ಬಂದಿದ್ದ ಮುನ್ಸೂಚನೆಗಳು

ನನಗೆ ಈ ಪ್ರಕರಣದಲ್ಲಿ ಜಾಸ್ತಿ ನೋವು ಕೊಡುವುದು ಈ ಭಾಗ. ಅದೇ 1997ರ ಮಾರ್ಚ್‌ನಲ್ಲಿ, ಅದೇ ಜಪಾನಿನಲ್ಲಿ, ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಎಚ್‌ಕೆಯ ಇನ್ನೊಂದು ಕಾರ್ಟೂನಿನಲ್ಲಿ ಕೆಂಪು–ಬಿಳಿ ಮಿನುಗು ಬಂದಿತ್ತು. ಅದನ್ನು ನೋಡಿ ನಾಲ್ವರು ಮಕ್ಕಳು ಆಸ್ಪತ್ರೆ ಸೇರಿದ್ದರು. ಅಲ್ಲೂ ಕೆಂಪು, ಅಲ್ಲೂ ಮಿನುಗು, ಒಂಬತ್ತು ತಿಂಗಳು ಮೊದಲು. ನಾಲ್ಕು ಮಕ್ಕಳು ಅನ್ನುವುದು ದೊಡ್ಡ ಸುದ್ದಿಯಾಗಲಿಲ್ಲ.

ಬ್ರಿಟನ್ನಿನಲ್ಲಿ ಮೂರೇ ಮಂದಿ ಸಾಕಾಗಿದ್ದರು. 1993ರಲ್ಲಿ ನೂಡಲ್ಸ್ ಜಾಹೀರಾತೊಂದನ್ನು ನೋಡಿ ಅಲ್ಲಿ ಮೂವರಿಗೆ ಫಿಟ್ಸ್ ಬಂತು. ಟಿವಿ ನಿಯಂತ್ರಣ ಸಂಸ್ಥೆ ಬರ್ಮಿಂಗ್‌ಹ್ಯಾಮಿನ ಆಸ್ಟನ್ ವಿಶ್ವವಿದ್ಯಾಲಯದ ಗ್ರಹಾಂ ಹಾರ್ಡಿಂಗ್ ಅವರ ಸಲಹೆ ಕೇಳಿತು. ಬೆಳಕಿನ ಫಿಟ್ಸ್ ಕುರಿತು ಅವರಷ್ಟು ರೋಗಿಗಳನ್ನು ಪರೀಕ್ಷಿಸಿದವರು ಆಗ ತೀರಾ ಕಡಿಮೆ. ಅವರ ಲೆಕ್ಕ ಸರಳವಾಗಿತ್ತು. ಸೆಕೆಂಡಿಗೆ 3 ಮಿನುಗಿನ ವೇಗದಲ್ಲಿ ತೊಂದರೆಯಾಗುವುದು ಈ ಸಮಸ್ಯೆ ಇರುವವರಲ್ಲೂ 100ಕ್ಕೆ ಸುಮಾರು 3 ಮಂದಿಗೆ ಮಾತ್ರ. ವೇಗ ಏರಿದಂತೆ ಸಂಖ್ಯೆ ಏರುತ್ತದೆ, 16–18ರ ಹತ್ತಿರ ಬಹುತೇಕ ಎಲ್ಲರಿಗೂ ತೊಂದರೆಯಾಗುತ್ತದೆ. ಹಾಗಾಗಿ ಪರದೆಯ ಕಾಲು ಭಾಗಕ್ಕಿಂತ ಜಾಸ್ತಿ ಜಾಗದಲ್ಲಿ ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಸಲ ಮಿನುಗಬಾರದು ಎಂಬ ನಿಯಮ ಬಂತು. ಗಾಢ ಕೆಂಪಿಗೆ ಇನ್ನೂ ಬಿಗಿ.

ಆ ನಿಯಮದ ಪ್ರಕಾರ ಆರು ಸೆಕೆಂಡ್‌ಗೆ ಹೆಚ್ಚೆಂದರೆ 18 ಮಿನುಗು. ಪಿಕಾಚುವಿನ ಸ್ಫೋಟದಲ್ಲಿ ಇದ್ದದ್ದು ಹತ್ತಿರ ಹತ್ತಿರ 70. ಸ್ಫೋಟ ತೆಗೆಯಬೇಕಾಗಿರಲಿಲ್ಲ, ಕಥೆ ಬದಲಿಸಬೇಕಾಗಿರಲಿಲ್ಲ. ಮಿನುಗು ನಿಧಾನ ಮಾಡಿದ್ದರೆ ಸಾಕಿತ್ತು. ಅದನ್ನು ಮಾಡಿದ ಚಿತ್ರಕಾರರು ಕೆಟ್ಟವರಲ್ಲ. ಬಣ್ಣಗಳನ್ನು ಹೀಗೆ ಪಟಪಟ ಅದಲುಬದಲು ಮಾಡುವುದಕ್ಕೆ ಜಪಾನಿನ ಕಾರ್ಟೂನ್ ಜಗತ್ತಿನಲ್ಲಿ ‘ಪಕಪಕ’ ಎಂಬ ಹೆಸರೇ ಇತ್ತು. ಕಡಿಮೆ ಚಿತ್ರ ಬರೆದು ಜಾಸ್ತಿ ಉದ್ವೇಗ ತರುವ ದಿನನಿತ್ಯದ ಉಪಾಯ ಅದು. ವೈದ್ಯರಿಗೆ ಗೊತ್ತಿದ್ದದ್ದು ಅವರ ಮೇಜಿನವರೆಗೆ ತಲುಪಿರಲಿಲ್ಲ.

ಎಲ್ಲವೂ ಫಿಟ್ಸೇನಾ?

ಇಲ್ಲಿ ಒಂದು ವಾದ ಇದೆ, ಅದನ್ನು ಹೇಳದೆ ಮುಂದೆ ಹೋಗುವುದು ಸರಿಯಲ್ಲ. ಆಮೇಲಿನ ವರದಿಗಳಲ್ಲಿ 12,000 ಮಕ್ಕಳಿಗೆ ಏನಾದರೊಂದು ತೊಂದರೆಯಾಯಿತು ಎಂಬ ಸಂಖ್ಯೆ ಓಡಾಡಿತು. 2001ರಲ್ಲಿ ರ‍್ಯಾಡ್‌ಫರ್ಡ್ ಮತ್ತು ಬಾರ್ತಲೊಮ್ಯೂ ಎಂಬ ಇಬ್ಬರು ಇದನ್ನು ಪ್ರಶ್ನಿಸಿದರು. ಬೆಳಕಿನ ಫಿಟ್ಸ್ ಇಷ್ಟೊಂದು ಜನರಲ್ಲಿ ಇರಲು ಸಾಧ್ಯವಿಲ್ಲ, ತಲೆನೋವು, ವಾಂತಿ, ತಲೆಸುತ್ತು ಫಿಟ್ಸ್‌ನ ಲಕ್ಷಣಗಳೂ ಅಲ್ಲ, ಸುದ್ದಿ ಕೇಳಿ, ಶಾಲೆಯಲ್ಲಿ ಮಾತಾಡಿಕೊಂಡು ಹಬ್ಬಿದ ಸಾಮೂಹಿಕ ಆತಂಕ ಇದರಲ್ಲಿ ದೊಡ್ಡ ಪಾಲು ಎಂದರು.

ನನಗೆ ಅವರ ಮಾತು ಅರ್ಧ ಒಪ್ಪಿಗೆ. 12,000 ಅನ್ನುವ ಸಂಖ್ಯೆಯನ್ನು ನಾನೂ ನಂಬುವುದಿಲ್ಲ. ಒಂದು ಶಾಲೆಯಲ್ಲಿ ಒಂದು ಮಗುವಿಗೆ ವಾಂತಿಯಾದರೆ ಹತ್ತು ಮಕ್ಕಳಿಗೆ ಹೊಟ್ಟೆ ತೊಳೆಸುವುದನ್ನು ನಾವೆಲ್ಲ ನೋಡಿದ್ದೇವೆ ಅಲ್ವಾ? ಆದರೆ ಆ 685 ಮಂದಿಯ ಕರೆಗಳು ಶುರುವಾದದ್ದು ಕಂತು ಪ್ರಸಾರವಾದ ಸಂಜೆಯೇ. ಬೇರೆ ಬೇರೆ ಊರಿನ, ಒಬ್ಬರಿಗೊಬ್ಬರು ಗೊತ್ತಿಲ್ಲದ ಮನೆಗಳಿಂದ. ನಂತರ ಪರೀಕ್ಷೆ ಮಾಡಿದಾಗ ಹಲವರ ಇಇಜಿಯಲ್ಲಿ ಆ ಚೂಪು ಗೆರೆಗಳು ಸಿಕ್ಕವು. ಗೆರೆಗಳಿಗೆ ಸುದ್ದಿ ಕೇಳಿ ಹೆದರಲು ಬರುವುದಿಲ್ಲ.

ಇನ್ನೂ ಮುಖ್ಯವಾದ ವಿಷಯವೆಂದರೆ, ಆ ದಿನ ಫಿಟ್ಸ್ ಬಂದವರಲ್ಲಿ ಸುಮಾರು ಮುಕ್ಕಾಲು ಪಾಲು ಮಂದಿಗೆ ಅದಕ್ಕೂ ಮೊದಲು ಯಾವತ್ತೂ ಫಿಟ್ಸ್ ಬಂದಿರಲಿಲ್ಲ. ಅವರ ಅಪ್ಪ–ಅಮ್ಮನಿಗೆ ಎಚ್ಚರಿಕೆ ಕೊಡಲು ಯಾರಿಂದಲೂ ಆಗುತ್ತಿರಲಿಲ್ಲ. ‘ಫಿಟ್ಸ್ ಇರುವವರು ನೋಡಬೇಡಿ’ ಎಂದು ಪರದೆಯ ಮೇಲೆ ಸಾಲು ಹಾಕಿದರೆ ಸಾಲದು ಎಂದು ನಾನು ಹೇಳುವುದು ಇದಕ್ಕೇ. ತಮಗೆ ಇದೆ ಎಂದು ಗೊತ್ತೇ ಇಲ್ಲದವರಿಗೆ ಆ ಸಾಲು ಯಾವ ಕೆಲಸಕ್ಕೂ ಬರುವುದಿಲ್ಲ.

ಆಮೇಲೆ

ಕಾರ್ಟೂನ್ ನಿಂತಿತು. ನಾಲ್ಕು ತಿಂಗಳು ಯಾವ ಹೊಸ ಕಂತೂ ಬರಲಿಲ್ಲ. 1998ರ ಏಪ್ರಿಲ್‌ನಲ್ಲಿ ಜಪಾನಿನ ಪ್ರಸಾರ ಸಂಸ್ಥೆಗಳು ತಮ್ಮದೇ ಮಾರ್ಗಸೂಚಿ ತಂದವು: ಮಿನುಗು ಸೆಕೆಂಡಿಗೆ ಮೂರನ್ನು ಮೀರಬಾರದು, ಕೆಂಪಿನ ಮಿನುಗಿಗೆ ವಿಶೇಷ ಎಚ್ಚರ ಬೇಕು, ಪಟ್ಟೆಗಳು ಮತ್ತು ಸುರುಳಿಗಳು ಪರದೆಯ ತುಂಬ ಬರಬಾರದು. ಬ್ರಿಟನ್ ಐದು ವರ್ಷ ಮೊದಲು ಕಲಿತದ್ದೇ. ಏಪ್ರಿಲ್ 16ರಂದು ಪೋಕೆಮಾನ್ ವಾಪಸ್ ಬಂತು. ಅಂದಿನಿಂದ ಜಪಾನಿನ ಕಾರ್ಟೂನುಗಳ ಆರಂಭದಲ್ಲಿ ಒಂದು ಸಾಲು ಕಾಣುತ್ತದೆ: ಕೋಣೆಯ ದೀಪ ಹಾಕಿ, ಟಿವಿಯಿಂದ ದೂರ ಕೂತು ನೋಡಿ.

38ನೇ ಕಂತು ಮತ್ತೆ ಎಂದೂ ಪ್ರಸಾರವಾಗಲಿಲ್ಲ. ಪೋರಿಗಾನ್ ಕೂಡ ಆ ಕಾರ್ಟೂನಿನ ಕಥೆಗಳಿಗೆ ಮರಳಲಿಲ್ಲ. ಮಿಂಚು ಹೊಡೆದದ್ದು ಪಿಕಾಚು, ಹೆಸರು ಕೆಟ್ಟದ್ದು ಪೋರಿಗಾನ್‌ದು. ಮೂರ್ಛೆ ರೋಗ ಇರುವ ಮನೆಯವರಿಗೆ ಇದು ಹೊಸದಲ್ಲ. ನಮ್ಮಲ್ಲೂ ಬಿದ್ದ ಹುಡುಗಿಯ ಮೇಲೆಯೇ ಕಣ್ಣು ಹೋಗುತ್ತದೆ, ಬೀಳಿಸಿದ ಬೆಳಕಿನ ಮೇಲೆ ಹೋಗುವುದಿಲ್ಲ.

ಕಲಿತ ಪಾಠ ಎಲ್ಲೆಡೆ ಉಳಿಯಲೂ ಇಲ್ಲ. 2007ರ ಜೂನ್‌ನಲ್ಲಿ ಲಂಡನ್ ಒಲಿಂಪಿಕ್ಸ್ ಲಾಂಛನದ ಪ್ರಚಾರಕ್ಕೆ ಮಾಡಿದ ವಿಡಿಯೊದ ಒಂದು ತುಣುಕನ್ನು ನೋಡಿ ಕೆಲವರಿಗೆ ಫಿಟ್ಸ್ ಬಂತು. ನಿಯಮ ಹುಟ್ಟಿದ ದೇಶದಲ್ಲೇ! ತುಣುಕನ್ನು ತೆಗೆದುಹಾಕಿದರು. ಟಿವಿಯಲ್ಲಿ ಬರುವುದೆಲ್ಲ ಹಾರ್ಡಿಂಗ್ ಅವರ ಹೆಸರಿನ ಪರೀಕ್ಷೆ ದಾಟಿಯೇ ಬರಬೇಕಿತ್ತು, ಆ ವಿಡಿಯೊ ಇದ್ದದ್ದು ವೆಬ್‌ಸೈಟಿನಲ್ಲಿ. ವೆಬ್‌ಸೈಟುಗಳಿಗೂ ‘ಸೆಕೆಂಡಿಗೆ ಮೂರು’ ಎಂಬ ಅದೇ ನಿಯಮ ಅಂತರರಾಷ್ಟ್ರೀಯ ಮಾರ್ಗಸೂಚಿಯಲ್ಲಿದೆ. ಭಾರತ ಸರ್ಕಾರ ತನ್ನ ವೆಬ್‌ಸೈಟುಗಳಿಗೆ ಮಾಡಿಕೊಂಡಿರುವ ನಿಯಮಗಳೂ ಅದನ್ನೇ ಆಧರಿಸಿವೆ. ಫಿಟ್ಸ್ ಇರುವವರಿಗೆ ಬೇಕಂತಲೇ ಮಿನುಗುವ ಚಿತ್ರ ಕಳಿಸುವವರೂ ಇದ್ದಾರೆ. ಬ್ರಿಟನ್ 2023ರ ಕಾಯ್ದೆಯಲ್ಲಿ ಅದನ್ನು ಅಪರಾಧ ಎಂದು ಮಾಡಿದೆ. ಅದು ಹಲ್ಲೆಯೇ, ಬೇರೆ ಹೆಸರು ಬೇಡ.

ನಮ್ಮ ಬಚ್ಚಲುಮನೆಯ ನೆಂಟ

ಹೊರಗಿನ ಒಂದು ನಿರ್ದಿಷ್ಟ ಕಾರಣಕ್ಕೆ ಫಿಟ್ಸ್ ಬರುವುದು ಎಂದರೆ ನಂಬುವುದೇ ಕಷ್ಟ ಎನ್ನುವವರಿಗೆ ನಾನು ಹಳೆ ಮೈಸೂರು ಕಡೆಯ ಉದಾಹರಣೆ ಕೊಡುತ್ತೇನೆ. ಬಿಸಿನೀರಿನ ಮೂರ್ಛೆ. ಹಂಡೆಯಿಂದ ಬಿಸಿಬಿಸಿ ನೀರನ್ನು ಚೊಂಬಿನಲ್ಲಿ ತೆಗೆದು ತಲೆಯ ಮೇಲೆ ಬೇಗ ಬೇಗ ಹುಯ್ದುಕೊಂಡಾಗ ಕೆಲವರಿಗೆ ಫಿಟ್ಸ್ ಬರುತ್ತದೆ. ಲೋಕದಲ್ಲಿ ಅಪರೂಪವಾದ ಇದು ದಕ್ಷಿಣ ಕರ್ನಾಟಕದಲ್ಲಿ ಅಪರೂಪವಲ್ಲ. ಬೆಂಗಳೂರಿನ ವೈದ್ಯರು 1960ರ ದಶಕದಿಂದಲೇ ಇದರ ಬಗ್ಗೆ ಬರೆದಿದ್ದಾರೆ. ನಿಮ್ಹಾನ್ಸ್‌ನ ಡಾ. ಪಿ. ಸತೀಶ್ಚಂದ್ರ ಮತ್ತು ಅವರ ತಂಡದ ಕೆಲಸದಿಂದಾಗಿ ಇದು ಪ್ರಪಂಚದ ಪಠ್ಯಪುಸ್ತಕಗಳಲ್ಲಿ ಸೇರಿದೆ.

ಬೆಳಕಿಗೂ ಬಿಸಿನೀರಿಗೂ ಇರುವ ನೆಂಟಸ್ತಿಕೆ ಇಷ್ಟೇ: ಹೊರಗಿಂದ ಬರುವ ಪ್ರಚೋದನೆ ಜೋರಾಗಿ, ಬೇಗ ಬೇಗ ಬಂದಾಗ ಸೂಕ್ಷ್ಮ ಮಿದುಳು ಅದರ ಹಿಡಿತಕ್ಕೆ ಸಿಗುತ್ತದೆ. ಮದ್ದೂ ಒಂದೇ ಜಾಡಿನದು. ಬಿಸಿನೀರಿನ ಮೂರ್ಛೆ ಇರುವ ಎಷ್ಟೋ ಜನಕ್ಕೆ ನೀರಿನ ಬಿಸಿ ಕಡಿಮೆ ಮಾಡಿ, ನಿಧಾನ ಹುಯ್ದುಕೊಂಡರೆ ಫಿಟ್ಸ್ ಬರುವುದಿಲ್ಲ. ಸಾಲದಿದ್ದರೆ ತಲೆಸ್ನಾನಕ್ಕೆ ಒಂದೂವರೆ–ಎರಡು ಗಂಟೆ ಮೊದಲು ಒಂದು ಮಾತ್ರೆ ಕೊಡುವುದುಂಟು. ಸ್ನಾನ ಬಿಡಿ ಅಂತ ಯಾರೂ ಹೇಳುವುದಿಲ್ಲ.

ಬೆಳಕಿನ ವಿಷಯದಲ್ಲೂ ಹಾಗೇ. ನಮ್ಮ ಹುಡುಗಿಗೆ ಮಾತ್ರೆ ಇದೆ. ಬೆಳಕಿನ ಫಿಟ್ಸ್‌ಗೆ ಚೆನ್ನಾಗಿ ನಾಟುವ ವ್ಯಾಲ್ಪ್ರೊಯೇಟ್ ಎಂಬ ಹಳೆಯ ಔಷಧಿಯಿಂದ ಮುಂದೆ ಗರ್ಭದಲ್ಲಿರುವ ಮಗುವಿಗೆ ತೊಂದರೆಯಾಗಬಹುದಾದ್ದರಿಂದ, ಹೆಣ್ಣುಮಕ್ಕಳಿಗೆ ಅದನ್ನು ಆದಷ್ಟು ತಪ್ಪಿಸುತ್ತಾರೆ. ಅವಳಿಗೆ ಬೇರೆಯದು ಕೊಟ್ಟಿದ್ದಾರೆ. ನಿದ್ದೆ ಕೆಡಬಾರದು. ನಿದ್ದೆಗೆಟ್ಟ ಬೆಳಿಗ್ಗೆ ಮಿದುಳು ಇನ್ನೂ ಸೂಕ್ಷ್ಮ. ಬಸ್ಸಿನ ಕಿಟಕಿ ಪಕ್ಕ ಕೂತಾಗ ಸಾಲುಮರಗಳ ಸಂದಿಯಿಂದ ಸಂಜೆ ಬಿಸಿಲು ಪಟಪಟ ಹೊಡೆಯುತ್ತದಲ್ಲ, ಅದೂ ಮಿನುಗೇ. ಅದಕ್ಕೆ ಅವಳು ಒಳಗಿನ ಸೀಟು ಹಿಡಿಯುತ್ತಾಳೆ. ಕೆಲವರಿಗೆ ವಿಶೇಷ ನೀಲಿ ಗಾಜಿನ ಕನ್ನಡಕ ಚೆನ್ನಾಗಿ ಕೆಲಸ ಮಾಡುತ್ತದೆ. ಇಟಲಿಯಲ್ಲಿ 610 ಮಂದಿಯ ಮೇಲೆ ಅದನ್ನು ಪರೀಕ್ಷಿಸಿ ಒಳ್ಳೆಯ ಫಲಿತಾಂಶ ಕಂಡಿದ್ದಾರೆ.

ಇದ್ದಕ್ಕಿದ್ದಂತೆ ಮಿನುಗು ಎದುರಾದರೆ ಎರಡೂ ಕಣ್ಣು ಮುಚ್ಚಿಕೊಳ್ಳುವುದು ಸಾಲದು. ರೆಪ್ಪೆಯ ಮೂಲಕ ಬೆಳಕು ಕೆಂಪಾಗಿ ಒಳಗೆ ಬರುತ್ತದೆ, ಕೆಂಪು ಏನು ಮಾಡುತ್ತದೆ ಎಂದು ಆಗಲೇ ಹೇಳಿದೆ. ಒಂದು ಕಣ್ಣನ್ನು ಅಂಗೈಯಿಂದ ಪೂರ್ತಿ ಮುಚ್ಚಿ, ಮುಖ ತಿರುಗಿಸಿ ಅಲ್ಲಿಂದ ಹೊರಡಬೇಕು. ಒಂದು ಕಣ್ಣು ಮುಚ್ಚಿದರೆ ಮಿದುಳಿಗೆ ಹೋಗುವ ಪ್ರಚೋದನೆ ತುಂಬ ತಗ್ಗುತ್ತದೆ. ಫಿಟ್ಸ್ ಬಂದೇ ಬಿಟ್ಟರೆ ಪಕ್ಕದವರು ಕೈಗೆ ಕಬ್ಬಿಣ ಕೊಡುವುದು, ಈರುಳ್ಳಿ ಮೂಸಿಸುವುದು, ಬಾಯಿಗೆ ಚಮಚ ತುರುಕುವುದು ದಯವಿಟ್ಟು ಬೇಡ. ಮಗ್ಗುಲಿಗೆ ತಿರುಗಿಸಿ ಮಲಗಿಸಿ, ತಲೆ ಕೆಳಗೆ ಮೆತ್ತಗೆ ಏನಾದರೂ ಇಡಿ, ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ ಆಂಬುಲೆನ್ಸ್ ಕರೆಯಿರಿ.

ಹೋದ ಬೇಸಿಗೆಯಲ್ಲಿ ಊರಿನಲ್ಲಿ ಒಂದು ಮದುವೆ. ಆರತಕ್ಷತೆಗೆ ಆರ್ಕೆಸ್ಟ್ರಾ ಇತ್ತು, ವೇದಿಕೆಯ ಎರಡೂ ಕಡೆ ಬಿಳಿ ಮಿನುಗು ದೀಪ. ಎರಡನೇ ಹಾಡಿಗೆ ಅವು ಶುರುವಾದವು. ನಾನು ತಿರುಗಿ ನೋಡುವಷ್ಟರಲ್ಲಿ ಅವಳು ಎಡಗೈ ಎಡಗಣ್ಣಿನ ಮೇಲಿಟ್ಟುಕೊಂಡು ಕಂಬದ ಮರೆಗೆ ಹೋಗಿದ್ದಳು. ಭಾವ ಎದ್ದು ಲೈಟಿನ ಹುಡುಗನ ಹತ್ತಿರ ಹೋದರು. ಇಪ್ಪತ್ತೆರಡು ವರ್ಷ ಇರಬಹುದು ಅವನಿಗೆ. ಗಲಾಟೆಯಲ್ಲಿ ಏನು ಹೇಳಿದರೋ ನನಗೆ ಕೇಳಿಸಲಿಲ್ಲ, ಭಾವ ಮಗಳ ಕಡೆ ಕೈ ತೋರಿಸಿದ್ದು ಮಾತ್ರ ಕಂಡಿತು. ಹುಡುಗ ತಲೆಯಾಡಿಸಿ, ಪೆಟ್ಟಿಗೆಯ ಮೇಲಿನ ಒಂದು ಗುಂಡಿ ಹಿಡಿದು ಎಡಕ್ಕೆ ತಿರುಗಿಸಿದ. ಮಿನುಗು ನಿಂತು ಬೆಳಕು ನಿಧಾನವಾಗಿ ಹೊತ್ತಿ, ನಿಧಾನವಾಗಿ ಆರತೊಡಗಿತು. ಹಾಡು ನಡೆಯುತ್ತಲೇ ಇತ್ತು. ಕುಣಿಯುತ್ತಿದ್ದವರಲ್ಲಿ ಒಬ್ಬರೂ ಕುಣಿತ ನಿಲ್ಲಿಸಲಿಲ್ಲ. ಅವಳು ಕಣ್ಣಿನಿಂದ ಕೈ ತೆಗೆದು ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕೂತಳು.